ಹಳೇ ಕೀಬೋರ್ಡಿನ ತುತ್ತೂರಿ: ರಾಕ್ ಹಾಡುಗಳ ಸಿಂತ್ ಬ್ರಾಸ್ ಕಟ್ಟುವ ಬಗೆ

(ಬೆಂಗಳೂರಿನಲ್ಲಿ ಕೀಬೋರ್ಡ್ ನುಡಿಸುವ ಗೆಳೆಯರ ಮುಂದೆ ಆಡಿದ ಮಾತಿನ ಬರಹ ರೂಪ ಇದು. ಅಂದು ನುಡಿಸಿ ತೋರಿಸಿದ್ದನ್ನು ಇಲ್ಲಿ ಬರೆದು ಹೇಳಬೇಕಾಗಿದೆ. ಹತ್ತಿರ ಒಂದು ಕೀಬೋರ್ಡ್ ಇಟ್ಟುಕೊಂಡು ಓದಿದರೆ ಒಳ್ಳೆಯದು.)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವ ಬಹುತೇಕ ಎಲ್ಲರ ಕೀಬೋರ್ಡಿನಲ್ಲೂ ಸಿಂತ್ ಬ್ರಾಸ್, ಅಂದರೆ ಸಿಂತಸೈಜರ್ ಹುಟ್ಟಿಸುವ ತುತ್ತೂರಿ ಸದ್ದು, ಅಂತ ಎರಡು ಟೋನ್ ಇರುತ್ತವೆ. ಬೇರೆ ಬೇರೆ ಕಂಪನಿಗಳ ಕೀಬೋರ್ಡ್‌ಗಳಿಗೆ ಒಂದೇ ಆದ ಜನರಲ್ ಮಿಡಿ ಎಂಬ ಟೋನ್ ಪಟ್ಟಿಯಲ್ಲಿ 63 ಮತ್ತು 64ನೇ ನಂಬರ್. ಆರ್ಕೆಸ್ಟ್ರಾದಲ್ಲಿ ನುಡಿಸುವವರಿಗಂತೂ ಇದು ಚೆನ್ನಾಗಿ ಗೊತ್ತು, ಹೀರೋ ಎಂಟ್ರಿ ಹಾಡು ಬಂದರೆ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ. ಆದರೆ ಆ ಪಟ್ಟಿಯನ್ನು ಒಮ್ಮೆ ಸರಿಯಾಗಿ ನೋಡಿ. 57 ಟ್ರಂಪೆಟ್, 58 ಟ್ರಾಂಬೋನ್, 61 ಫ್ರೆಂಚ್ ಹಾರ್ನ್, 62 ಇಡೀ ಬ್ರಾಸ್ ಸೆಕ್ಷನ್. ನಿಜವಾದ ತುತ್ತೂರಿಗಳೆಲ್ಲ ಅಲ್ಲಿಗೆ ಮುಗಿದವು. ಆಮೇಲೂ ಎರಡು ಜಾಗ ಸಿಂತ್ ಬ್ರಾಸ್‌ಗೆ ಅಂತ ಬೇರೆಯಾಗಿ ಕೊಟ್ಟಿದ್ದಾರೆ. 1991ರಲ್ಲಿ ಈ ಪಟ್ಟಿ ಬರುವ ಹೊತ್ತಿಗೆ, ತುತ್ತೂರಿಯನ್ನು ಅನುಕರಿಸಲು ಹೋದ ಸದ್ದು ತಾನೇ ಒಂದು ವಾದ್ಯ ಆಗಿಬಿಟ್ಟಿತ್ತು!

ನನ್ನ ಮಾತೆಲ್ಲ ಇದರ ಮೇಲೇ ನಿಂತಿದೆ. ರಾಕ್ ಹಾಡುಗಳ ಸಿಂತ್ ಬ್ರಾಸ್ ಕಟ್ಟಲು ಕೂತವರು ಅದನ್ನು ನಿಜವಾದ ಟ್ರಂಪೆಟ್ ಹತ್ತಿರ ಎಳೆದುಕೊಂಡು ಹೋಗುತ್ತಾರೆ, ಅಲ್ಲೇ ಸದ್ದು ಕೈತಪ್ಪುತ್ತದೆ. ಟ್ರಂಪೆಟ್‌ನಿಂದ ಒಂದು ಗುಣವನ್ನು ಮಾತ್ರ ತೆಗೆದುಕೊಳ್ಳಬೇಕು. ಉಳಿದಿದ್ದನ್ನು ಹಳೇ ಕೀಬೋರ್ಡಿನ ಸ್ವಭಾವಕ್ಕೆ ಬಿಡಬೇಕು.

ಆ ಒಂದು ಗುಣ ಯಾವುದು ಅಂತ ಮೊದಲು ನೋಡೋಣ.

1960ರ ದಶಕದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಜ್ಯಾನ್-ಕ್ಲೋಡ್ ರಿಸ್ಸೆ ಎಂಬ ಫ್ರೆಂಚ್ ಸಂಯೋಜಕ ಟ್ರಂಪೆಟ್ ಸದ್ದನ್ನು ಕಂಪ್ಯೂಟರ್‌ಗೆ ಹಾಕಿ ಬಿಡಿಸಿ ನೋಡಿದರು. ಅಲ್ಲಿಯವರೆಗೆ ಒಂದು ವಾದ್ಯದ ಸದ್ದು ಅಂದರೆ ಅದರಲ್ಲಿ ಯಾವ ಹಾರ್ಮೋನಿಕ್ (ಸ್ವರದೊಳಗೆ ಅಡಗಿರುವ, ಮೂಲ ಕಂಪನದ 1, 2, 3 ಪಟ್ಟಿನ ಬಿಡಿ ಸ್ವರ) ಎಷ್ಟಿದೆ ಅನ್ನುವ ಒಂದು ಸ್ಥಿರವಾದ ಲೆಕ್ಕ ಅಂತ ಪುಸ್ತಕಗಳು ಹೇಳುತ್ತಿದ್ದವು. ಆ ಲೆಕ್ಕದ ಪ್ರಕಾರ ಸದ್ದು ಮಾಡಿದರೆ ಟ್ರಂಪೆಟ್ ಹುಟ್ಟುತ್ತಲೇ ಇರಲಿಲ್ಲ. ರಿಸ್ಸೆ ಕಂಡದ್ದು ಏನೆಂದರೆ, ಸ್ವರ ಶುರುವಾದಾಗ ಕೆಳಗಿನ ಹಾರ್ಮೋನಿಕ್‌ಗಳು ಮೊದಲು ಏಳುತ್ತವೆ, ಮೇಲಿನವು ಒಂದು ಕ್ಷಣ ತಡವಾಗಿ ಬರುತ್ತವೆ, ಮತ್ತು ಊದುವವರು ಜೋರು ಮಾಡಿದಷ್ಟೂ ಮೇಲಿನವು ಜಾಸ್ತಿ ಆಗುತ್ತವೆ. ಅಂದರೆ ಸದ್ದು ಏರಿದಂತೆ ಹೊಳಪೂ ಏರುತ್ತದೆ, ಇಳಿದಂತೆ ಹೊಳಪೂ ಇಳಿಯುತ್ತದೆ. ಮೈಸೂರಿನಲ್ಲಿ ದಸರಾ ಹೊತ್ತಿಗೆ ಪೊಲೀಸ್ ಬ್ಯಾಂಡ್ ಕೇಳುವ ಅವಕಾಶ ಸಿಕ್ಕರೆ ಇದನ್ನೊಂದೇ ಗಮನಿಸಿ. ಮೆಲ್ಲಗೆ ಊದಿದಾಗ ಸದ್ದು ದುಂಡಗಿರುತ್ತದೆ, ಜೋರಾಗಿ ಊದಿದಾಗ ಅಂಚು ಹರಿತವಾಗುತ್ತದೆ. ಎಲ್ಲ ಸಿಂತ್ ಬ್ರಾಸ್‌ನ ಬೇರೂ ಇಲ್ಲೇ ಇದೆ.

ಅನಲಾಗ್ ಸಿಂತಸೈಜರ್‌ನಲ್ಲಿ ಇದನ್ನು ಮಾಡುವುದು ಬಹಳ ಸುಲಭ. ಸಾ-ಟೂತ್ (ಗರಗಸದ ಹಲ್ಲಿನ ಆಕಾರದ) ಅಲೆ ತೆಗೆದುಕೊಳ್ಳಿ, ಅದರಲ್ಲಿ ಎಲ್ಲ ಹಾರ್ಮೋನಿಕ್‌ಗಳೂ ಇರುತ್ತವೆ. ಸ್ಕ್ವೇರ್ ಬೇಡ, ಅದರಲ್ಲಿ 1, 3, 5 ಹೀಗೆ ಬೆಸ ಸಂಖ್ಯೆಯವು ಮಾತ್ರ ಇರುವುದರಿಂದ ಸದ್ದು ಕ್ಲಾರಿನೆಟ್ ಕಡೆ ವಾಲುತ್ತದೆ. ಸಾ-ಟೂತ್ ಅನ್ನು, ಮೇಲಿನ ಹಾರ್ಮೋನಿಕ್‌ಗಳನ್ನು ತಡೆದು ಕೆಳಗಿನವನ್ನು ಬಿಡುವ ಲೋ-ಪಾಸ್ ಫಿಲ್ಟರ್‌ಗೆ ಬಿಡಿ. ಫಿಲ್ಟರ್‌ನ ಕಟಾಫ್ (ಎಲ್ಲಿಂದ ಮೇಲೆ ತಡೆಯಬೇಕು ಅನ್ನುವ ಗಡಿ) ಅನ್ನು ಅರ್ಧಕ್ಕಿಂತ ಕೆಳಗೆ ಇಳಿಸಿ. ಆಮೇಲೆ ಫಿಲ್ಟರ್ ಎನ್ವಲಪ್‌ನಿಂದ ಅದನ್ನು ಮೇಲಕ್ಕೆ ಎತ್ತಿ (ಎನ್ವಲಪ್ ಅಂದರೆ ಕೀ ಒತ್ತಿದಾಗಿನಿಂದ ಏರಿಳಿತ ನಡೆಸುವ ಭಾಗ): ಅಟ್ಯಾಕ್ (ಏರುವ ಸಮಯ) 40ರಿಂದ 60 ಮಿಲಿಸೆಕೆಂಡ್, ಡಿಕೇ (ಆಮೇಲೆ ಇಳಿಯುವ ಸಮಯ) ಸುಮಾರು ಅರ್ಧ ಸೆಕೆಂಡ್, ಸಸ್ಟೇನ್ (ಒತ್ತಿ ಹಿಡಿದಾಗ ನಿಲ್ಲುವ ಮಟ್ಟ) ಅರ್ಧಕ್ಕಿಂತ ಸ್ವಲ್ಪ ಮೇಲೆ. ವಾಲ್ಯೂಮ್ ಎನ್ವಲಪ್ ಅದಕ್ಕಿಂತ ಬೇಗ ಏರಬೇಕು. ರೆಸೊನೆನ್ಸ್ (ಕಟಾಫ್ ಹತ್ತಿರದ ಸದ್ದನ್ನು ಉಬ್ಬಿಸುವುದು) ಸೊನ್ನೆ ಅಥವಾ ಸೊನ್ನೆಯ ಹತ್ತಿರ. ಒಂದು ಸ್ವರ ಒತ್ತಿ. "ಪ್ವಾ" ಅನ್ನುತ್ತದೆ ಅಲ್ವಾ? ಆ "ಪ್ವಾ" ಫಿಲ್ಟರ್ ತಡವಾಗಿ ತೆರೆದುಕೊಳ್ಳುವುದರಿಂದ ಬರುವುದು. ಅಟ್ಯಾಕ್ ಅನ್ನು ಸೊನ್ನೆ ಮಾಡಿದರೆ "ಪಾ" ಆಗುತ್ತದೆ. 150ಕ್ಕೆ ಏರಿಸಿದರೆ "ವಾಆ" ಅಂತ ಸ್ಟ್ರಿಂಗ್ಸ್ ಕಡೆ ಜಾರುತ್ತದೆ. ಇಡೀ ಬ್ರಾಸ್ ಕುಟುಂಬ ಈ ಒಂದು ನಾಬ್‌ನ ಸಣ್ಣ ಜಾಗದಲ್ಲಿದೆ. ಪ್ಯಾಚ್ (ಒಂದು ಸದ್ದಿಗೆ ಬೇಕಾದ ನಾಬ್‌ಗಳ ಜೋಡಣೆ) ಮಾಡಲು ಕೂತಾಗ ನಾನು ಅತಿ ಹೆಚ್ಚು ಹೊತ್ತು ಕಳೆಯುವುದೂ ಇಲ್ಲೇ.

ಇನ್ನು ರಾಕ್‌ಗೆ ಬರೋಣ.

ಈ ಸದ್ದನ್ನು ದೊಡ್ಡ ಪ್ರಮಾಣದಲ್ಲಿ ರಾಕ್‌ಗೆ ತಂದವರಲ್ಲಿ ಇಂಗ್ಲೆಂಡಿನ ಕೀಬೋರ್ಡಿಗ ಕೀತ್ ಎಮರ್ಸನ್ ಮುಖ್ಯ. ಅಮೆರಿಕದ ಸಂಯೋಜಕ ಆರನ್ ಕೋಪ್ಲಂಡ್ 1942ರಲ್ಲಿ ಬರೆದ ಫ್ಯಾನ್‌ಫೇರ್ ಒಂದಿದೆ. ಅದು ಪೂರ್ತಿ ನಿಜವಾದ ಬ್ರಾಸ್‌ಗೆ ಮತ್ತು ತಾಳವಾದ್ಯಗಳಿಗೆ ಬರೆದದ್ದು. ನಾಲ್ಕು ಹಾರ್ನ್, ಮೂರು ಟ್ರಂಪೆಟ್, ಮೂರು ಟ್ರಾಂಬೋನ್, ಒಂದು ಟ್ಯೂಬಾ. 1977ರಲ್ಲಿ ಎಮರ್ಸನ್ ಅವರ ತಂಡ "ಎಮರ್ಸನ್, ಲೇಕ್ ಅಂಡ್ ಪಾಮರ್" ಅದನ್ನು ನುಡಿಸಿದಾಗ ಅಷ್ಟೂ ಜನರ ಕೆಲಸವನ್ನು ಎಮರ್ಸನ್ ಒಬ್ಬರೇ ಯಮಾಹಾ ಜಿಎಕ್ಸ್-1 ಮೇಲೆ ಮಾಡಿದರು. ಮೂರು ಸಾಲು ಕೀಗಳು ಮತ್ತು ಕಾಲಿಗೆ ಪೆಡಲ್‌ಬೋರ್ಡ್ ಇದ್ದ ಭಾರೀ ಯಂತ್ರ ಅದು. ಕೇಳಿದರೆ ಯಾರೂ ಟ್ರಂಪೆಟ್ ಅಂತ ಮೋಸ ಹೋಗುವುದಿಲ್ಲ. ಮೋಸ ಮಾಡುವ ಉದ್ದೇಶವೂ ಅದಕ್ಕಿರಲಿಲ್ಲ. ಡ್ರಮ್ಸ್ ಮತ್ತು ಬೇಸ್ ಎದುರು ನಿಲ್ಲಬಲ್ಲ ಒಂದು ದಪ್ಪ ಸದ್ದು ಬೇಕಿತ್ತು, ಅದು ಸಿಕ್ಕಿತು.

ಅದೇ ಯಮಾಹಾದ ಸಿಎಸ್-80 ಎಂಬ ತಮ್ಮ ಬಂದ, ತೂಕ 80 ಕಿಲೋಗಿಂತ ಜಾಸ್ತಿ. ಎಂಟು ಸ್ವರಗಳನ್ನು ಒಟ್ಟಿಗೆ ನುಡಿಸಬಹುದು, ಮತ್ತು ಪ್ರತಿ ಕೀಯನ್ನೂ ಬೇರೆ ಬೇರೆಯಾಗಿ ಒತ್ತಿ ಹಿಡಿದು ಹೊಳಪು ಏರಿಸಬಹುದು. ಟೋಟೋ ತಂಡದ 1982ರ "ಆಫ್ರಿಕಾ" ಶುರುವಾಗುವ ಬ್ರಾಸ್ ಇದರದ್ದೇ. ಸಿಎಸ್-80ರ ಫಿಲ್ಟರ್ ಎನ್ವಲಪ್‌ನಲ್ಲಿ ಎಲ್ಲಿಂದ ಶುರುವಾಗಬೇಕು, ಎಲ್ಲಿಯವರೆಗೆ ಏರಬೇಕು ಅನ್ನುವುದಕ್ಕೇ ಎರಡು ಪ್ರತ್ಯೇಕ ಸ್ಲೈಡರ್ ಇವೆ. ಬ್ರಾಸ್ ಮಾಡಲೆಂದೇ ಕೂತು ಯೋಚಿಸಿದವರ ಕೈ ಅದು ಅಂತ ನನಗೆ ಅನಿಸುತ್ತದೆ. ಮೆತ್ತಗಿನ, ಬೆಚ್ಚಗಿನ ಬ್ರಾಸ್ ಬೇಕಾದರೆ ಇವತ್ತಿಗೂ ಅದಕ್ಕೆ ಸಾಟಿ ಇಲ್ಲ. ಆದರೆ ಇವತ್ತು ನೀವೆಲ್ಲ ಕಾಯುತ್ತಿರುವುದು ಇನ್ನೊಂದು ಸದ್ದಿಗೆ ಅಂತ ಗೊತ್ತು.

ವ್ಯಾನ್ ಹೇಲನ್ ತಂಡದ "ಜಂಪ್". 1984ರ ಫೆಬ್ರವರಿಯಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಗಿ ಐದು ವಾರ ಅಲ್ಲೇ ಕೂತ ಹಾಡು. ಎಡ್ಡಿ ವ್ಯಾನ್ ಹೇಲನ್ ಅಂದರೆ ಗಿಟಾರ್‌ನಲ್ಲಿ ಒಂದು ಯುಗವನ್ನೇ ಬದಲಿಸಿದ ಮನುಷ್ಯ. ಆತ ಕೀಬೋರ್ಡ್ ಮುಂದೆ ಕೂರುವುದು ಬ್ಯಾಂಡಿನೊಳಗೇ ಎಲ್ಲರಿಗೂ ಒಪ್ಪಿಗೆ ಇರಲಿಲ್ಲ. ಆ ಕೀಬೋರ್ಡ್ ಓಬರ್‌ಹೈಮ್ ಓಬಿ-ಎಕ್ಸ್‌ಎ. ಪ್ರತಿ ಸ್ವರಕ್ಕೂ ಎರಡು ಆಸಿಲೇಟರ್ (ಅಲೆ ಹುಟ್ಟಿಸುವ ಭಾಗ), ಒಂದು ಫಿಲ್ಟರ್, ಎರಡು ಎನ್ವಲಪ್.

ಇದರ ಪ್ಯಾಚ್ ಕಟ್ಟಲು ಕೂತವರೆಲ್ಲ ಏನೋ ದೊಡ್ಡ ಗುಟ್ಟು ಇದೆ ಅಂದುಕೊಳ್ಳುತ್ತಾರೆ. ಗುಟ್ಟೇನೂ ಇಲ್ಲ, ಎರಡೂ ಆಸಿಲೇಟರ್ ಸಾ-ಟೂತ್, ಎರಡೂ ಒಂದೇ ಆಕ್ಟೇವ್, ಒಂದನ್ನು ಕೂದಲೆಳೆಯಷ್ಟು ಶ್ರುತಿ ತಪ್ಪಿಸಿ. ಫಿಲ್ಟರ್ ಚೆನ್ನಾಗಿ ತೆರೆದಿರಲಿ. ಈ ಹಿಂದೆ ಹೇಳಿದ "ಪ್ವಾ" ಇಲ್ಲಿ ಹೆಚ್ಚುಕಡಿಮೆ ಬೇಡವೇ ಬೇಡ. ಅಟ್ಯಾಕ್ ಸೊನ್ನೆಯ ಹತ್ತಿರ ಇಡಿ, ಎನ್ವಲಪ್ ಫಿಲ್ಟರ್ ಅನ್ನು ಸ್ವಲ್ಪವೇ ಎತ್ತಲಿ. ರಿಲೀಸ್ (ಕೀ ಬಿಟ್ಟ ಮೇಲೆ ಸದ್ದು ಆರುವ ಸಮಯ) ಚಿಕ್ಕದು. ಓಬಿ-ಎಕ್ಸ್‌ಎ ಫಿಲ್ಟರ್‌ನಲ್ಲಿ ಆಕ್ಟೇವ್‌ಗೆ 12 ಡಿಬಿ ಮತ್ತು 24 ಡಿಬಿ ಎಂಬ ಎರಡು ಆಯ್ಕೆ ಇದೆ, ಅಂದರೆ ಕಟಾಫ್ ದಾಟಿದ ಮೇಲೆ ಸದ್ದು ಎಷ್ಟು ಕಡಿದಾಗಿ ಇಳಿಯಬೇಕು ಅನ್ನುವುದು. ನಾನು 12ನ್ನೇ ಇಟ್ಟುಕೊಳ್ಳುತ್ತೇನೆ, ಮೇಲಿನ ಹೊಳಪು ಜಾಸ್ತಿ ಉಳಿಯುತ್ತದೆ, ಗಿಟಾರ್ ಜೊತೆ ನುಡಿಸುವಾಗ ಕಳೆದುಹೋಗುವುದಿಲ್ಲ.

ಹಾಗಾದರೆ ಅಷ್ಟು ಸರಳ ಪ್ಯಾಚ್‌ನಲ್ಲಿ ಅಷ್ಟು ಜೀವ ಎಲ್ಲಿಂದ ಬಂತು? ನನ್ನ ಪ್ರಕಾರ ಮೂರು ಕಡೆಯಿಂದ ಬಂತು, ಮತ್ತು ಈ ಮೂರರ ಬಗ್ಗೆಯೂ ಸ್ವಲ್ಪ ವಿವರವಾಗಿ ಮಾತಾಡಬೇಕು, ಯಾಕಂದರೆ ಪ್ರಿಸೆಟ್ ಹುಡುಕುವ ಆತುರದಲ್ಲಿ ಎಲ್ಲರೂ ಬಿಟ್ಟುಬಿಡುವುದು ಇವನ್ನೇ.

ಒಂದು, ಆ ಶ್ರುತಿಯ ಕೂದಲೆಳೆ. ತಂಬೂರಿಯ ನಡುವಿನ ಎರಡು ತಂತಿಗಳನ್ನು ಒಂದೇ ಷಡ್ಜಕ್ಕೆ ಕೂಡಿಸುವಾಗ, ಪೂರ್ತಿ ಕೂಡುವ ಮೊದಲು ಒಂದು ನಿಧಾನದ ಅಲೆ ಕೇಳುತ್ತದಲ್ಲ, ಅದೇ ಇದು. ಎರಡು ಆಸಿಲೇಟರ್ ನಡುವೆ 5 ಸೆಂಟ್ (ಪಕ್ಕಪಕ್ಕದ ಎರಡು ಕೀಗಳ ಅಂತರದ ನೂರನೇ ಒಂದು ಭಾಗ ಒಂದು ಸೆಂಟ್) ವ್ಯತ್ಯಾಸ ಇದ್ದರೆ, 440 ಹರ್ಟ್ಸ್ ಸ್ವರದಲ್ಲಿ ಆ ಅಲೆ ಸೆಕೆಂಡಿಗೆ ಸುಮಾರು 1.3 ಸಲ ಬಡಿಯುತ್ತದೆ. ಒಂದು ಆಕ್ಟೇವ್ ಮೇಲೆ ಹೋದರೆ ಅದರ ಎರಡರಷ್ಟು. ಎರಡು ಆಕ್ಟೇವ್ ಕೆಳಗೆ ಬಂದರೆ ಮೂರು ಸೆಕೆಂಡಿಗೆ ಒಂದು. ಅಂದರೆ ಮೂರು ಸ್ವರದ ಕಾರ್ಡ್ ಒತ್ತಿದರೆ ಮೂರೂ ಬೇರೆ ಬೇರೆ ವೇಗದಲ್ಲಿ ಅಲುಗುತ್ತವೆ. ಅದರ ಮೇಲೆ ಕೋರಸ್ ಇಫೆಕ್ಟ್ ಹಾಕಬೇಡಿ. ಕೋರಸ್ ಹಾಕಿದರೆ ಎಲ್ಲ ಸ್ವರವೂ ಒಂದೇ ವೇಗದಲ್ಲಿ ತೂಗುತ್ತದೆ, ಈ ಒಳಗಿನ ಚಲನೆ ಮುಚ್ಚಿಹೋಗುತ್ತದೆ. ಡಿಟ್ಯೂನ್ ಜಾಸ್ತಿ ಮಾಡುವುದೂ ತಪ್ಪು. 15 ಸೆಂಟ್ ದಾಟಿದರೆ ಅದು 1990ರ ದಶಕದ ಡಾನ್ಸ್ ಸಂಗೀತದ ಕಡೆ ಓಡುತ್ತದೆ.

ಎರಡು, ಸ್ವರಗಳ ನಡುವಿನ ಜಗಳ. ಓಬಿ-ಎಕ್ಸ್‌ಎ ನಾಲ್ಕು, ಆರು ಅಥವಾ ಎಂಟು ವಾಯ್ಸ್‌ಗಳಲ್ಲಿ ಸಿಗುತ್ತಿತ್ತು. ಎಂಟು ವಾಯ್ಸ್ ಅಂದರೆ ಒಳಗೆ ಎಂಟು ಪ್ರತ್ಯೇಕ ಸಿಂತಸೈಜರ್ ಇದ್ದಂತೆ, ಪ್ರತಿಯೊಂದಕ್ಕೂ ತನ್ನದೇ ಚಿಪ್‌ಗಳು, ತನ್ನದೇ ಫಿಲ್ಟರ್. ಯಾವ ಎರಡೂ ಕರಾರುವಾಕ್ಕಾಗಿ ಒಂದೇ ಥರ ಇರುವುದಿಲ್ಲ. ಒಂದೇ ಕೀಯನ್ನು ಮತ್ತೆ ಮತ್ತೆ ಒತ್ತುತ್ತಾ ಹೋದರೆ ಸರದಿಯಲ್ಲಿ ಒಂದೊಂದು ವಾಯ್ಸ್ ಕೆಲಸಕ್ಕೆ ಬರುತ್ತದೆ, ಪ್ರತಿ ಸಲವೂ ಹೊಳಪು ಚೂರು ಬೇರೆ. ಬಿಸಿ ಏರಿದರೆ ಶ್ರುತಿಯೂ ಸರಿಯುತ್ತದೆ, ಅದಕ್ಕೇ ಮುಂಭಾಗದಲ್ಲಿ ಆಟೋ ಟ್ಯೂನ್ ಅಂತ ಒಂದು ಬಟನ್ ಕೊಟ್ಟಿದ್ದರು. ಆಗಿನ ಎಂಜಿನಿಯರ್‌ಗಳು ಈ ವ್ಯತ್ಯಾಸ ಕಡಿಮೆ ಮಾಡಲು ತಲೆ ಕೆಡಿಸಿಕೊಂಡಿದ್ದರು. ಈಗ ಅದನ್ನೇ ದುಡ್ಡು ಕೊಟ್ಟು ವಾಪಸ್ ತರುತ್ತಿದ್ದೇವೆ. 2020ರಲ್ಲಿ ಬಂದ ಹೊಸ ಪ್ರಾಫೆಟ್-5 ಸಿಂತಸೈಜರ್‌ನಲ್ಲಿ ವಿಂಟೇಜ್ ಅನ್ನುವ ಒಂದು ನಾಬ್ ಇದೆ, ತಿರುಗಿಸಿದಷ್ಟೂ ವಾಯ್ಸ್‌ಗಳು ಒಂದಕ್ಕೊಂದು ದೂರ ಸರಿಯುತ್ತವೆ. 2022ರ ಓಬರ್‌ಹೈಮ್ ಓಬಿ-ಎಕ್ಸ್8ರಲ್ಲೂ ಇದೇ ವ್ಯವಸ್ಥೆ ಇದೆ. ಸಾಫ್ಟ್‌ವೇರ್‌ನಲ್ಲಿ ಮಾಡುವವರು ಈ ನಾಬ್ ಎಲ್ಲಿದೆ ಅಂತ ಮೊದಲು ಹುಡುಕಿ. ಸೊನ್ನೆಯಲ್ಲಿ ಇಟ್ಟು ಉಳಿದದ್ದನ್ನು ಎಷ್ಟು ತಿದ್ದಿದರೂ ಸದ್ದು ಹೆಪ್ಪುಗಟ್ಟಿದ ಹಾಗೇ ಇರುತ್ತದೆ.

ಮೂರು, ಕೈ. ಓಬಿ-ಎಕ್ಸ್‌ಎ ಕೀಗಳಿಗೆ ವೆಲಾಸಿಟಿ ಗೊತ್ತಾಗುವುದಿಲ್ಲ. ಮೆಲ್ಲಗೆ ಒತ್ತಿದರೂ ಗುದ್ದಿದರೂ ಒಂದೇ ಸದ್ದು. ನಾವು ಈಗಿನ ಕೀಬೋರ್ಡಿನಲ್ಲಿ ನುಡಿಸುವಾಗ ಮಧ್ಯದ ಬೆರಳು ಸ್ವಲ್ಪ ಮೆತ್ತಗೆ ಬಿದ್ದರೆ ಕಾರ್ಡ್‌ನ ಮಧ್ಯದ ಸ್ವರ ಮಸುಕಾಗುತ್ತದೆ. ಆ ಹಾಡಿನಲ್ಲಿ ಹಾಗಾಗುವುದಿಲ್ಲ, ಕಾರ್ಡ್‌ನ ಎಲ್ಲ ಸ್ವರಗಳೂ ಸಮನಾಗಿ ಗೋಡೆಯಂತೆ ಏಳುತ್ತವೆ. ಆದ್ದರಿಂದ ಮೊದಲು ವೆಲಾಸಿಟಿ ಆಫ್ ಮಾಡಿ, ಅಥವಾ ಫಿಕ್ಸೆಡ್ ಇಡಿ. ಇಷ್ಟೇ ಮಾಡಿದರೂ ನಿಮ್ಮ ಮನೆಯ ಸಾಮಾನ್ಯ ಕೀಬೋರ್ಡಿನ 63ನೇ ನಂಬರ್ ಎಷ್ಟೋ ಹತ್ತಿರ ಬರುತ್ತದೆ, ಇವತ್ತೇ ಮಾಡಿ ನೋಡಿ. ಆಮೇಲೆ ಕಾರ್ಡ್‌ಗಳು. ಕೆಳಗೆ ಸಿ ಸ್ವರ ಒಂದೇ ನಿಂತಿರುತ್ತದೆ, ಮೇಲೆ ಎಫ್, ಜಿ, ಸಿ ಮೇಜರ್ ಕಾರ್ಡ್‌ಗಳು ಅದರ ಮೇಲೆ ಓಡಾಡುತ್ತವೆ. ಎಡಗೈ ಸಿ ಬಿಟ್ಟು ಕಾರ್ಡ್ ಜೊತೆ ಕೆಳಗೆ ಓಡಿದರೆ ಆ ಎತ್ತರದ ಭಾವನೆಯೇ ಹೋಗುತ್ತದೆ. ಪ್ಯಾಚ್ ಎಷ್ಟೇ ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಮತ್ತೆ, ಕಾರ್ಡ್‌ಗಳ ನಡುವೆ ಬೆರಳು ಎತ್ತುವ ಜಾಗ. ಬಿಟ್ಟ ಜಾಗದಲ್ಲಿ ಡ್ರಮ್ಸ್ ಕೇಳಬೇಕು. ಸಸ್ಟೇನ್ ಪೆಡಲ್ ಮೇಲೆ ಕಾಲಿಡಲೇಬೇಡಿ.

ಈಗ ಇನ್ನೊಂದು ತುದಿಗೆ ಹೋಗೋಣ. ಸ್ವೀಡನ್ನಿನ ಯೂರೋಪ್ ತಂಡದ "ದಿ ಫೈನಲ್ ಕೌಂಟ್‌ಡೌನ್", 1986. ಇದರ ಮೂಲ ರಿಫ್ (ಮತ್ತೆ ಮತ್ತೆ ಬರುವ ಸಣ್ಣ ಸ್ವರಗುಚ್ಛ) ಅನ್ನು ಹಾಡುಗಾರ ಜೋಯಿ ಟೆಂಪೆಸ್ಟ್ 1980ರ ದಶಕದ ಮೊದಲಲ್ಲೇ, ಕೀಬೋರ್ಡಿಗ ಮಿಕ್ ಮಿಕೇಲಿ ಅವರಿಂದ ಎರವಲು ತಂದ ಕೋರ್ಗ್ ಪಾಲಿಸಿಕ್ಸ್ ಮೇಲೆ ಕಟ್ಟಿಕೊಂಡಿದ್ದರು. ಪಾಲಿಸಿಕ್ಸ್ ಬಡವರ ಪಾಲಿಫೋನಿಕ್: ಆರು ವಾಯ್ಸ್, ಪ್ರತಿ ವಾಯ್ಸ್‌ಗೆ ಒಂದೇ ಆಸಿಲೇಟರ್. ಆದರೆ ರೆಕಾರ್ಡಿಂಗ್‌ನಲ್ಲಿ ನಮಗೆ ಕೇಳುವುದು ಎರಡು ಯಂತ್ರಗಳ ಜೋಡಿ, ರೋಲಂಡ್ ಜೆಎಕ್ಸ್-8ಪಿ ಮತ್ತು ಯಮಾಹಾ ಟಿಎಕ್ಸ್816. ಇದರಲ್ಲಿ ಎರಡನೆಯದು ಒಂದು ರ‍್ಯಾಕ್‌ನಲ್ಲಿ ಎಂಟು ಡಿಎಕ್ಸ್7 ತುಂಬಿದ ಪೆಟ್ಟಿಗೆ.

ಡಿಎಕ್ಸ್7 ಅಂದರೆ ಎಫ್‌ಎಂ (ಫ್ರೀಕ್ವೆನ್ಸಿ ಮಾಡ್ಯುಲೇಷನ್) ಸಿಂತಸೈಜರ್. ಅಲ್ಲಿ ಫಿಲ್ಟರ್ ಇಲ್ಲ. ಸ್ಟ್ಯಾನ್‌ಫರ್ಡ್‌ನ ಜಾನ್ ಚೌನಿಂಗ್ 1960ರ ದಶಕದ ಕೊನೆಯಲ್ಲಿ ಕಂಡುಕೊಂಡ ವಿಧಾನ ಅದು: ಒಂದು ಅಲೆ ಇನ್ನೊಂದು ಅಲೆಯ ಫ್ರೀಕ್ವೆನ್ಸಿಯನ್ನು ಅಲುಗಿಸುತ್ತದೆ, ಅಲುಗಿಸಿದಷ್ಟೂ ಹಾರ್ಮೋನಿಕ್ ಹೆಚ್ಚುತ್ತದೆ. ನನಗೆ ಬಹಳ ಇಷ್ಟದ ವಿಷಯ ಏನೆಂದರೆ, ಇದರಲ್ಲಿ ಬ್ರಾಸ್ ಮಾಡುವ ದಾರಿ ಚೌನಿಂಗ್‌ಗೆ ಹೊಳೆದದ್ದು ರಿಸ್ಸೆ ಮಾಡಿದ್ದ ಅದೇ ಟ್ರಂಪೆಟ್ ನೆನಪಾಗಿ. ಅಲುಗಿಸುವ ಪ್ರಮಾಣವನ್ನು ಸದ್ದಿನ ಏರಿಳಿತಕ್ಕೆ ಕಟ್ಟಿದರು, ತಕ್ಷಣ ಬ್ರಾಸ್ ಬಂತು. ಅನಲಾಗ್‌ನಲ್ಲಿ ಫಿಲ್ಟರ್ ಮಾಡುವ ಕೆಲಸವನ್ನು ಇಲ್ಲಿ ಮಾಡ್ಯುಲೇಟರ್‌ನ (ಅಲುಗಿಸುವ ಅಲೆಯ) ಎನ್ವಲಪ್ ಮಾಡುತ್ತದೆ. ಎರಡು ಬೇರೆ ತಂತ್ರಜ್ಞಾನ, ಕಿವಿಗೆ ಬೇಕಾದ ಗುಣ ಒಂದೇ. ಡಿಎಕ್ಸ್7ರಲ್ಲಿ ಮಾಡುವವರು ಅಲ್ಗಾರಿದಮ್ (ಯಾವ ಅಲೆ ಯಾವುದನ್ನು ಅಲುಗಿಸಬೇಕು ಅನ್ನುವ ಜೋಡಣೆ) 22ರಿಂದ ಶುರು ಮಾಡಿ, ಅದರ ಮೊದಲ ಫ್ಯಾಕ್ಟರಿ ಬ್ರಾಸ್ ಇರುವುದೇ ಅಲ್ಲಿ. ಫೀಡ್‌ಬ್ಯಾಕ್ (ಅಲೆ ತನ್ನನ್ನು ತಾನೇ ಅಲುಗಿಸುವುದು) ಪೂರ್ತಿ ಏರಿಸಿದರೆ ಸರಳ ಸೈನ್ ಅಲೆ ಸಾ-ಟೂತ್ ಕಡೆ ಬಾಗುತ್ತದೆ.

ಆ ರೆಕಾರ್ಡಿಂಗ್‌ನಲ್ಲಿ ಎಫ್‌ಎಂ ಕೊಡುವುದು ಹಲ್ಲು, ಅನಲಾಗ್ ಕೊಡುವುದು ಮೈ. ಎಫ್‌ಎಂ ಪದರವೊಂದನ್ನೇ ಇಟ್ಟರೆ ಸದ್ದು ತೆಳ್ಳಗೆ, ತಗಡಿನಂತೆ. ಜೆಎಕ್ಸ್ ಪದರವೊಂದನ್ನೇ ಇಟ್ಟರೆ ಹಿತವಾಗಿದೆ, ಆದರೆ ಕ್ರೀಡಾಂಗಣದ ಕೊನೆಯ ಸಾಲಿಗೆ ಮುಟ್ಟುವುದಿಲ್ಲ. ನೀವು ಇದನ್ನು ಮಾಡುವಾಗ ಎರಡನ್ನೂ ಬೇರೆ ಬೇರೆಯಾಗಿ ಚೆನ್ನಾಗಿ ಕಟ್ಟಲು ಹೋಗಬೇಡಿ, ಒಟ್ಟಿಗೆ ಕೇಳುತ್ತಲೇ ಕಟ್ಟಿ. ಅನಲಾಗ್ ಪದರದ ಫಿಲ್ಟರ್ ಅನ್ನು ಸ್ವಲ್ಪ ಮುಚ್ಚಿ, ಅದಕ್ಕೆ "ಪ್ವಾ" ಕೊಡಿ. ಎಫ್‌ಎಂ ಪದರಕ್ಕೆ ಬೇಗನೆ ಏರುವ ಅಟ್ಯಾಕ್ ಕೊಟ್ಟು ವಾಲ್ಯೂಮ್ ಒಂದು ಹೆಜ್ಜೆ ಕಡಿಮೆ ಇಡಿ. ಎರಡರ ನಡುವೆ ಐದಾರು ಸೆಂಟ್ ವ್ಯತ್ಯಾಸ ಸಾಕು. "ಜಂಪ್"ಗೆ ರಿವರ್ಬ್ ಕಡಿಮೆ ಇದ್ದಷ್ಟೂ ಒಳ್ಳೆಯದು. ಇಲ್ಲಿ ತದ್ವಿರುದ್ಧ, ಉದ್ದನೆಯ ಹಾಲ್ ರಿವರ್ಬ್ ಇಲ್ಲದಿದ್ದರೆ ಆ ರಿಫ್ ಬರಿಗಾಲಲ್ಲಿ ನಿಂತ ಹಾಗೆ ಕೇಳುತ್ತದೆ.

ಇನ್ನೊಂದು ಸೂಕ್ಷ್ಮ. ಮೂಲ ಡಿಎಕ್ಸ್7ರ ಕೀಗಳು ವೆಲಾಸಿಟಿಯನ್ನು ಅತಿ ಹೆಚ್ಚಿನ ಮಟ್ಟವಾದ 127ರವರೆಗೆ ಕಳಿಸುವುದೇ ಇಲ್ಲ. ಹೊಸ ಕೀಬೋರ್ಡ್ ಜೋಡಿಸಿ ಹಳೇ ಎಫ್‌ಎಂ ಬ್ರಾಸ್ ನುಡಿಸಿದಾಗ ಕಿವಿ ಚುಚ್ಚಿದರೆ ಪ್ಯಾಚ್ ತಿದ್ದುವ ಮೊದಲು ವೆಲಾಸಿಟಿ ಕರ್ವ್ ಇಳಿಸಿ ನೋಡಿ.

ಮಾತು ಮುಗಿದ ಮೇಲೆ ಒಂದಿಷ್ಟು ಪ್ರಶ್ನೆಗಳು ಬಂದವು. ಕೆಲವನ್ನು ಇಲ್ಲಿ ಸೇರಿಸುತ್ತಿದ್ದೇನೆ.

"ಸರ್, ಇದಕ್ಕೆಲ್ಲ ಹಳೇ ಮೆಷೀನೇ ಬೇಕಾ?" ಬೇಡ. 1980ರ ದಶಕದಲ್ಲಿ ಆಮದು ಸುಂಕ ಎಷ್ಟು ಜಾಸ್ತಿ ಇತ್ತೆಂದರೆ ಇಂಥ ಕೀಬೋರ್ಡ್‌ಗಳು ನಮ್ಮ ಕಡೆ ಬಂದದ್ದೇ ಕಡಿಮೆ, ಈಗ ಸಿಕ್ಕರೂ ಬೆಲೆ ಕೈಗೆಟಕುವುದಿಲ್ಲ. ಓಬಿ-ಎಕ್ಸ್‌ಡಿ ಅಂತ ಒಂದು ಪ್ಲಗಿನ್ (ಕಂಪ್ಯೂಟರಿನಲ್ಲಿ ನುಡಿಸುವ ಸಾಫ್ಟ್‌ವೇರ್ ವಾದ್ಯ) ಇದೆ, ಅದು ಓಬರ್‌ಹೈಮ್ ಮಾದರಿಯದ್ದು. ಡೆಕ್ಸೆಡ್ ಅಂತ ಇನ್ನೊಂದು, ಅದು ಡಿಎಕ್ಸ್7ರ ಮೂಲ ಪ್ಯಾಚ್ ಫೈಲ್‌ಗಳನ್ನೇ ತೆರೆಯುತ್ತದೆ, ಉಚಿತ. ಒಂದು ಲ್ಯಾಪ್‌ಟಾಪ್ ಇದ್ದರೆ ಇವತ್ತು ನಾನು ಹೇಳಿದ್ದನ್ನೆಲ್ಲ ಮಾಡಬಹುದು. ಹೊಸದಾಗಿ ಕಲಿಯುವವರಿಗೆ ನಾನು ಇದನ್ನೇ ಹೇಳುವುದು. ನಾಬ್‌ಗಳನ್ನು ಮೊದಲು ಅಲ್ಲಿ ಅರ್ಥ ಮಾಡಿಕೊಳ್ಳಿ.

"ಹಾಡಿನ ಸದ್ದಿಗೂ ಇವತ್ತು ಅದೇ ಮೆಷೀನ್ ನುಡಿಸಿದಾಗ ಬರುವ ಸದ್ದಿಗೂ ವ್ಯತ್ಯಾಸ ಇದೆಯಲ್ಲ?" ಖಂಡಿತ ಇದೆ. ನಲವತ್ತು ವರ್ಷದಲ್ಲಿ ಕೆಪಾಸಿಟರ್‌ಗಳು ಒಣಗುತ್ತವೆ, ಟ್ರಿಮ್ಮರ್‌ಗಳು (ಒಳಗೆ ಹೊಂದಿಸಿಟ್ಟ ಸಣ್ಣ ತಿರುಪುಗಳು) ಸರಿಯುತ್ತವೆ. ಹಾಡಿನಲ್ಲಿ ನಾವು ಕೇಳುವುದು ಆ ಯಂತ್ರ ಹೊಸದಾಗಿದ್ದಾಗಿನ ಸದ್ದು, ಟೇಪ್ ಮತ್ತು ಮಿಕ್ಸರ್ ದಾಟಿ ಬಂದದ್ದು. ಹಾಗಾಗಿ ಯಾವುದನ್ನು ಗುರಿ ಇಟ್ಟುಕೊಳ್ಳುತ್ತೀರಿ ಅಂತ ಮೊದಲೇ ತೀರ್ಮಾನ ಮಾಡಿ. ನಾನು ಯಾವಾಗಲೂ ಹಾಡನ್ನೇ ಇಟ್ಟುಕೊಳ್ಳುತ್ತೇನೆ.

"ಹಳೇದು ಒಂದು ಸಿಕ್ಕಿದೆ, ಹೊರದೇಶದಿಂದ ತರಿಸುತ್ತಿದ್ದೇನೆ, ಏನು ನೋಡಬೇಕು?" ಎರಡು ವಿಷಯ. ಪಾಲಿಸಿಕ್ಸ್ ಆಗಿದ್ದರೆ ಒಳಗಿನ ಮೆಮೊರಿ ಬ್ಯಾಟರಿಯ ಫೋಟೋ ಕಳಿಸಲು ಹೇಳಿ. ಅದು ಸೋರಿ ಪಕ್ಕದ ಸರ್ಕ್ಯೂಟ್ ಬೋರ್ಡಿನ ತಾಮ್ರವನ್ನೇ ತಿಂದುಹಾಕುವುದು ಆ ಮಾದರಿಯ ದೊಡ್ಡ ಕಾಯಿಲೆ, ಹಸಿರು ಕಲೆ ಕಂಡರೆ ದುಡ್ಡು ಕೊಡುವ ಮೊದಲು ಯೋಚಿಸಿ. ಇನ್ನೊಂದು, ಹಿಂದುಗಡೆಯ ವೋಲ್ಟೇಜ್ ಓದಿ. ಜಪಾನಿನದು 100 ವೋಲ್ಟ್, ಅಮೆರಿಕದ್ದು 120. ನಮ್ಮ 230ಕ್ಕೆ ನೇರವಾಗಿ ಚುಚ್ಚಿದರೆ ಮುಗಿಯಿತು. ಸರಿಯಾದ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಮೊದಲು ಮನೆಗೆ ಬರಲಿ, ಕೀಬೋರ್ಡ್ ಆಮೇಲೆ ಬರಲಿ.